ಮೆದುಳಿನಲ್ಲಿ ಗೋಡೆ, ಲಿವರ್‌ನಲ್ಲಿ ಕಿಟಕಿ

"ರಕ್ತನಾಳದ ಒಳಗೋಡೆಯ ಜೀವಕೋಶಗಳ ಬಗ್ಗೆ ಪಿಎಚ್‌ಡಿ ಮಾಡ್ತಿದೀನಿ..." ಎಂದಳು ಮಾನ್ಯ.

"ಓ," ಎಂದ ಗೌರೀಶ.

ಅಷ್ಟೇ!

ಚಾಮರಾಜಪೇಟೆಯ ಮನೆಗೆ ಹೆಣ್ಣು ನೋಡಲು ಬಂದವನು ಮಾನ್ಯಳಿಗೆ ಮೊದಲ ನೋಟಕ್ಕೇ ಹಿಡಿಸಿಬಿಟ್ಟಿದ್ದ. ಅವನೋ, ಕಲ್ಲುಬಸವನ ಹಾಗೆ ಕುಳಿತ. ಕೇಸರಿಬಾತು ತಿಂದ, ಕೈ ಮುಗಿದ, ಹೊರಟ.

ಮರುದಿನ ಅವರ ಕಡೆಯಿಂದ ಒಪ್ಪಿಗೆ ಬಂತು! "ಸಾಯಂಕಾಲದೊಳಗೆ ನಿನ್ನ ಮಾತು ಹೇಳ್ಬೇಕಂತೆ," ಎಂದರು ತಾಯಿ ಕಲ್ಯಾಣಮ್ಮ.

'ಅವನಾಗಿ ಒಪ್ಪಿದನೋ, ಮನೆಯವರು ಒಪ್ಪಿಸಿದರೋ?' ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು! ಮಾನ್ಯ ನೇರ ತರಗುಪೇಟೆಗೆ ನಡೆದಳು.

ಅಲ್ಲಿ ಅಪ್ಪನ ಬೇಳೆ ಮಂಡಿಯಲ್ಲಿ ಗೌರೀಶ ಹಮಾಲರ ಜೊತೆ ಬಿದ್ದುಬಿದ್ದು ನಗುತ್ತಿದ್ದ. ಅವಳನ್ನು ಕಂಡದ್ದೇ ಮುಖ ಮತ್ತೆ ಬಿಗಿಯಿತು.

ಮಾನ್ಯಳಿಗೆ ಕೋಪಕ್ಕಿಂತ ಕುತೂಹಲವೇ ಹೆಚ್ಚಾಯಿತು.

"ಎಲ್ಲಾ ರಕ್ತನಾಳಕ್ಕೂ ಒಳಗಡೆ ಒಂದೇ ಥರದ ಜೀವಕೋಶಗಳ ಹಾಸು. ಆದ್ರೆ ಮೆದುಳಿನಲ್ಲಿ ಅದು ಸಂದಿಲ್ಲದ ಗೋಡೆ, ಲಿವರ್‌ನಲ್ಲಿ ಬರೀ ಕಿಟಕಿ. ಯಾಕೆ ಗೊತ್ತಾ?"

ಅವನ ಕಣ್ಣರಳಿತು. "ಯಾಕೆ?"

"ಮೆದುಳಿಗೆ ಕಾವಲು ಬೇಕು. ಲಿವರ್ ರಕ್ತದಲ್ಲಿರೋದನ್ನ ಸೋಸ್ಬೇಕು. ಅಕ್ಕಪಕ್ಕದ ಜೀವಕೋಶಗಳು ಹೇಳಿಕೊಟ್ಟ ಹಾಗೆ ಇವು ಬೆಳೀತವೆ. ಬಿಡಿಸಿ ಲ್ಯಾಬಿನ ತಟ್ಟೇಲಿ ಬೆಳೆಸಿದ್ರೆ ಎಷ್ಟೋ ಪಾಠ ಮರೆತುಬಿಡ್ತವೆ. ಈಗ ಹೇಳಿ... ನನ್ನ ಮುಂದೆ ಮಾತ್ರ ಗೋಡೆ ಕಟ್ಟೋದನ್ನ ನಿಮಗೆ ಯಾರು ಹೇಳಿಕೊಟ್ರು?"

ಗೌರೀಶ ತಲೆ ತಗ್ಗಿಸಿದ. "ಅಪ್ಪ."

"ಏನು?!"

"ಮನಸ್ಸಿಗೆ ಹಿಡಿಸಿದ ಮಾಲು ಕಂಡ್ರೆ ಮುಖದಲ್ಲಿ ತೋರಿಸ್ಬಾರ್ದು, ದರ ಏರಿಸ್ತಾರೆ ಅಂತ. ಚಿಕ್ಕಂದಿನಿಂದ ಈ ಮಂಡೀಲೇ ಬೆಳೆದೋನು ರೀ... ತುಂಬಾ ಇಷ್ಟ ಆದ್ರೆ ಮುಖ ತಾನಾಗೇ ಬಿಗಿಯುತ್ತೆ!"

"ನಾನು ಮಾಲಾ?" ಹುಬ್ಬೇರಿಸಿದಳು.

"ಅಯ್ಯೋ, ಹಾಗಲ್ಲ!" ಅವನ ಕಿವಿ ಕೆಂಪಾಯಿತು. "ನಿನ್ನೆ ನಿಮ್ಮನ್ನ ಕೇಳೋಕೆ ಎಷ್ಟೊಂದು ಪ್ರಶ್ನೆ ಇತ್ತು... ಎಲ್ಲಾ ನುಂಗ್ಬಿಟ್ಟೆ."

ಮಾನ್ಯಳಿಗೆ ನಗುವೂ ಬಂತು, ಕಣ್ಣೂ ತುಂಬಿತು. 'ಇಷ್ಟವಿಲ್ಲ ಎಂದುಕೊಂಡೆನಲ್ಲ!'

"ಈ ಅಭ್ಯಾಸ ಹೋಗುತ್ತಾ?" ಅವನು ಅಳುಕುತ್ತಾ ಕೇಳಿದ.

"ಪಕ್ಕದಲ್ಲಿ ಯಾರಿರ್ತಾರೆ ಅನ್ನೋದರ ಮೇಲೆ."

"ಹಾಗಾದ್ರೆ... ನೀವೇ ಇದ್ಬಿಡ್ತೀರಾ?"

ಅವಳು ಮೊಬೈಲ್ ತೆಗೆದಳು. "ಅಮ್ಮಾ, ನನಗೂ ಒಪ್ಪಿಗೆ ಅಂತ ಹೇಳ್ಬಿಡು."

ಗೌರೀಶನ ಮುಖದ ತುಂಬ ನಗು ಹರಡಿತು. ಈ ಸಲ ಮುಚ್ಚಿಡಲು ಅವನಿಗೆ ಬರಲೇ ಇಲ್ಲ.

"ಇವತ್ತು ನುಂಗದೇ ಒಂದು ಪ್ರಶ್ನೆ ಕೇಳ್ಲಾ? ಹೃದಯದಲ್ಲಿರೋದು ಗೋಡೆನಾ, ಕಿಟಕಿನಾ?"

"ಗೋಡೆನೇ," ಮಾನ್ಯ ಪಿಸುಗುಟ್ಟಿದಳು. "ಆದ್ರೆ ಬೇಕಾದೋರನ್ನ ಒಳಗೆ ಬಿಟ್ಕೊಳುತ್ತೆ."