ನಾಯಕರ ಕೋಟಿನ ಬೆನ್ನು

ಬೆಳಿಗ್ಗೆ ಮ್ಯೂಸಿಯಂ ಬಾಗಿಲು ತೆಗೆದ ಕಾವಲುಗಾರನಿಗೆ ಮೊದಲು ಕಂಡದ್ದು ಎರಡು ಬರಿಗಾಲು. ದಿವಂಗತ ನಾಯಕರ ಕೋಟಿಟ್ಟಿದ್ದ ಗಾಜಿನ ಪೆಟ್ಟಿಗೆಯ ಬುಡದಲ್ಲಿ, ಅಲ್ಲಿನ ಹಳೆಯ ಬಟ್ಟೆಗಳನ್ನು ಶುಚಿಮಾಡಿ ಕಾಪಾಡುತ್ತಿದ್ದ ಹೆಂಗಸು ಅಂಗಾತ ಬಿದ್ದಿದ್ದಳು. ಕುತ್ತಿಗೆಯ ಮೇಲೆ ಬೆರಳುಗಳ ಗುರುತು.

ಇನ್ಸ್‌ಪೆಕ್ಟರ್ ಒಳಗೆ ಬಂದಳು. ಕೋಣೆ ತಣ್ಣಗಿತ್ತು. ಗೋಡೆ ತುಂಬ ನಾಯಕರ ಪಟಗಳು. ಎತ್ತ ತಿರುಗಿದರೂ ಆ ಕಣ್ಣುಗಳು ಅವಳನ್ನೇ ಹಿಂಬಾಲಿಸುತ್ತಿದ್ದವು. ಪೆಟ್ಟಿಗೆಯೊಳಗಿನ ಗೊಂಬೆಯ ಮೇಲೆ, ನಾಯಕರು ಕೊಲೆಯಾದ ದಿನ ತೊಟ್ಟಿದ್ದ ಕೋಟು. ಎದೆಯಲ್ಲಿ ಗುಂಡಿನ ತೂತು. ಹೆಗಲು, ಬೆನ್ನು ಮುಚ್ಚುವಂತೆ ಒಂದು ಶಾಲು.

ಮ್ಯೂಸಿಯಂ ತೋರಿಸುವ ಗೈಡ್ ಮುದುಕ ಪಕ್ಕದಲ್ಲೇ ನಿಂತಿದ್ದ. ಒಂದು ಕಾಲಕ್ಕೆ ನಾಯಕರ ಅಂಗರಕ್ಷಕ. ಬಲಗೈ ಜೇಬಿನಲ್ಲಿತ್ತು.

“ನಿನ್ನೆ ಇವಳಿಗೂ ನಾಯಕರ ಮಗನಿಗೂ ದೊಡ್ಡ ಜಗಳ ಆಯ್ತು ಮೇಡಂ. ಕೋಟನ್ನ ಲ್ಯಾಬಿಗೆ ಕಳಿಸ್ತೀನಿ ಅಂದ್ಲು. ಅವರು ಕೆಂಡಾಮಂಡಲ ಆದ್ರು.”

“ನಾಯಕರು ಸತ್ತಾಗ ನೀವು ಜೊತೆಗಿದ್ರಾ?”

“ಬೆನ್ನ ಹಿಂದೆ ನಾನೊಬ್ಬನೇ. ಬೇರೆ ನರಪಿಳ್ಳೆಯೂ ಇರಲಿಲ್ಲ. ಗುಂಡು ಬಂದಿದ್ದು ಎದುರಿದ್ದ ಗುಂಪಿಂದ. ಹೊಡೆದವನನ್ನ ಗಲ್ಲಿಗೂ ಹಾಕಿದ್ರು.”

ಬಂದವರಿಗೆಲ್ಲ ಹೇಳಿ ಹೇಳಿ ನುಣುಪಾಗಿದ್ದ ಮಾತು.

* * *

ನಾಯಕರ ಮಗ ಮುಚ್ಚುಮರೆ ಮಾಡಲಿಲ್ಲ. “ಜಗಳ ಆಡಿದ್ದು ನಿಜ. ಅಪ್ಪನ ರಕ್ತ ಇರೋ ಬಟ್ಟೆ, ಲ್ಯಾಬಿನವರು ಕತ್ತರಿ ಹಾಕಿಬಿಡ್ತಾರೆ ಅಂತ ಭಯ. ಆಮೇಲೆ ತಂಗಿ ಮನೆಗೆ ಹೋದೆ. ಬೆಳಗಾಗೋವರೆಗೂ ಅಲ್ಲೇ ಇದ್ದೆ.”

ತಂಗಿ ಹೌದೆಂದಳು. ಅವಳ ಅತ್ತೆಯೂ ಹೌದೆಂದರು. ಸೊಸೆಯ ಅಣ್ಣನಿಗಾಗಿ ಸುಳ್ಳು ಹೇಳುವ ಅತ್ತೆಯಲ್ಲ ಆಕೆ.

“ಕೋಟಿನ ಮೇಲೆ ಶಾಲು ಯಾಕೆ?” ಇನ್ಸ್‌ಪೆಕ್ಟರ್ ಕೇಳಿದಳು.

“ಶಾಲಾ?” ಮಗ ಹುಬ್ಬೇರಿಸಿದ. “ಅದು ಅಮ್ಮಂದು. ಪಕ್ಕದ ಕೋಣೇಲಿರುತ್ತೆ. ಅಪ್ಪ ಯಾವತ್ತೂ ಹೊದ್ದವರಲ್ಲ.”

* * *

ಮಗನನ್ನೂ ಗೈಡ್ ಮುದುಕನನ್ನೂ ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಇನ್ಸ್‌ಪೆಕ್ಟರ್ ಶಾಲು ಎಳೆದು ಗೊಂಬೆಯನ್ನು ತಿರುಗಿಸಿದಳು. ಕೋಟಿನ ಬೆನ್ನಿನಲ್ಲಿ ಇನ್ನೊಂದು ತೂತು. ಅಂಚು ಸುಟ್ಟು ಕರಕಲಾಗಿತ್ತು. ಸುತ್ತ ಗುಂಡುಸೂಜಿಗಳು. ಒಂದರ ತುದಿಯಲ್ಲಿ ಒಣಗಿದ ರಕ್ತ.

“ಗುಂಡು ಒಳಗೆ ಹೋಗಿದ್ದು ಇಲ್ಲಿ. ಬಟ್ಟೆ ಹೀಗೆ ಸುಡಬೇಕಾದ್ರೆ ಪಿಸ್ತೂಲು ಬೆನ್ನಿಗೇ ಒತ್ತಿರಬೇಕು. ಎದೆಯಲ್ಲಿರೋದು ಅದು ಹೊರಗೆ ಬಂದ ತೂತು. ಇಷ್ಟು ವರ್ಷ ಕೋಟಿನ ಬೆನ್ನು ಗೋಡೆ ಕಡೆಗಿತ್ತು, ಯಾರೂ ನೋಡಲಿಲ್ಲ. ಶುಚಿಮಾಡೋಕೆ ಬಿಚ್ಚಿದಾಗ ಸತ್ತ ಹೆಂಗಸು ನೋಡಿದ್ಲು, ಸೂಜಿ ಚುಚ್ಚಿ ಗುರುತು ಮಾಡಿದ್ಲು. ಕೊಂದವನು ಕೋಟು ಒಯ್ದಿದ್ರೆ ಊರೆಲ್ಲ ಅದನ್ನೇ ಹುಡುಕ್ತಿತ್ತು. ಅದಕ್ಕೇ ಗಡಿಬಿಡಿಯಲ್ಲಿ ಗೊಂಬೆಗೆ ತೊಡಿಸಿ ಶಾಲು ಮುಚ್ಚಿದ. ಆಗ ಸೂಜಿ ಅವನ ಕೈ ಗೀರಿತು. ಈ ತೂತಿಗೆ ಹೆದರಬೇಕಾದವನು ಒಬ್ಬನೇ: ಅವತ್ತು ಬೆನ್ನ ಹಿಂದೆ ನಿಂತಿದ್ದವನು.” ಮುದುಕನತ್ತ ತಿರುಗಿದಳು. “ಎಲ್ಲಿ, ಕೈ ತೋರಿಸಿ.”

ಮುದುಕ ಜೇಬಿನಿಂದ ಕೈ ತೆಗೆದ. ಅಂಗೈಯಲ್ಲಿ ಉದ್ದನೆಯ ಗೀರು.

“ಮಾಮಾ…” ಮಗ ಮುದುಕನತ್ತ ಒಂದು ಹೆಜ್ಜೆ ಇಟ್ಟ. ಎಳವೆಯಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು ಇವನೇ. “ಹಾಗಾದ್ರೆ ಗಲ್ಲಿಗೆ ಹೋದವನು?”

“ಪಾಪ, ಕೈಗೆ ಸಿಕ್ಕವನು. ಪೋಸ್ಟ್‌ಮಾರ್ಟಂ ವರದಿನೂ ಮೇಲಿನವರು ಬರೆಸಿದ್ದೇ.”

“ಯಾರು ಮಾಡಿಸಿದ್ದು?”

“ಕೇಳಬೇಡ ಕಂದಾ. ಅವರಿನ್ನೂ ಬದುಕಿದಾರೆ. ಸುಮ್ಮನಿರು ಅಂತ ಆ ಹೆಂಗಸಿನ ಕಾಲು ಹಿಡಿಯೋದೊಂದು ಬಾಕಿ ಇತ್ತು. ಕೇಳಲಿಲ್ಲ.”

ಇನ್ಸ್‌ಪೆಕ್ಟರ್ ಕೋಟನ್ನು ಚೀಲಕ್ಕೆ ಹಾಕಿ ಸೀಲು ಒತ್ತಿದಳು. ಎತ್ತಿಕೊಳ್ಳಲು ಪೇದೆ ಕೈಚಾಚಿದ.

“ಬೇಡ,” ಎಂದಳು. “ಇದು ನನ್ನ ಹತ್ರಾನೇ ಇರಲಿ.”