ಎರಡನೆಯ ಬೋಗುಣಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆ ಚಳಿಗಾಲದಲ್ಲಿ ನರಿನ್ ಪಟ್ಟಣದಿಂದ ನಾನು ಬರುತ್ತಿದ್ದ ಲಾರಿ ಕಣಿವೆಯ ಬಾಯಲ್ಲೇ ಹಿಮದಲ್ಲಿ ಹೂತಿತು. ಅಲ್ಲಿಂದ ಬೆಟ್ಟದ ಮೇಲಿನ ನಮ್ಮ ಕುರಿಹಟ್ಟಿಗೆ ನಾನೊಬ್ಬನೇ ನಡೆದು ಬಂದೆ. ನಾಯಿ ನನ್ನ ಕೈ ನೆಕ್ಕಿತು. ಆಮೇಲೆ ನನ್ನ ಎಡಪಕ್ಕದ ಗಾಳಿಯನ್ನು ಮೂಸಿ, ಬಾಲ ಮುದುರಿಕೊಂಡು ಕೊಟ್ಟಿಗೆಗೆ ಹೋಯಿತು.

ದೂರದಿಂದ ಬಂದವರಿಗೆ ನೀರು ನಿವಾಳಿಸದೆ ನಮ್ಮಲ್ಲಿ ಒಳಗೆ ಬಿಡುವುದಿಲ್ಲ. ನಿವಾಳಿಸಿದ ಮೇಲೆ ಹೊರಗಟ್ಟುವಂತಿಲ್ಲ. ಅಮ್ಮ ನನ್ನ ತಲೆಯ ಸುತ್ತ ಬೋಗುಣಿ ಸುತ್ತಿಸಿದಳು, ನಾನು ಅದರಲ್ಲಿ ಉಗಿದೆ, ಅವಳು ಹೊಸಿಲಾಚೆ ಚೆಲ್ಲಿದಳು. ಮತ್ತೆ ನೀರು ತುಂಬಿಕೊಂಡು ಬಂದು ನನ್ನ ಎಡಕ್ಕೆ, ನನಗಿಂತ ಒಂದು ಗೇಣು ಎತ್ತರದಲ್ಲಿ ಸುತ್ತಿಸಿದಳು.

“ಯಾರಿಗಮ್ಮ ಅದು?”

“ನಿನ್ ಜೊತೆ ಬಂದೋನಿಗೆ ಕಣೋ ಎಸೆನ್. ಅತಿಥೀನ ಬಾಗ್ಲಲ್ಲೇ ನಿಲ್ಲಿಸ್ತಾರೇನೋ? ಉಗಿಯಪ್ಪ, ನಾಚ್ಕೋಬೇಡ.”

ನೀರಿನಲ್ಲಿ ಏನೋ ತೊಪ್ಪನೆ ಬಿದ್ದ ಸದ್ದಾಯಿತು. ಅಮ್ಮ ಅದನ್ನೂ ಚೆಲ್ಲಿ, ಬಾಗಿಲು ಹಾಕಿ, ಮೂರು ಬಟ್ಟಲು ಚಹಾ ಬಗ್ಗಿಸಿದಳು. ಒಲೆ ಧಗಧಗ ಉರಿಯುತ್ತಿದ್ದರೂ ನನ್ನ ಎಡಗೈ ಬೆಚ್ಚಗಾಗಲಿಲ್ಲ.

“ಸಂಕೋಚದವನು ಪಾಪ, ಮುಟ್ಟೇ ಇಲ್ಲ,” ಎಂದಳು ಅಮ್ಮ, ಮೂರನೆಯ ಬಟ್ಟಲು ಎತ್ತುತ್ತ. ಚಹಾ ಹೆಪ್ಪುಗಟ್ಟಿತ್ತು.

ಬೆಳಿಗ್ಗೆ ಹೊಸಿಲಾಚೆ ಎರಡು ಕಡೆ ನೀರು ಗಡ್ಡೆ ಕಟ್ಟಿತ್ತು. ಹಿಮ ಕರಗುವ ಕಾಲಕ್ಕೆ ನನ್ನದು ಕರಗಿಹೋಯಿತು. ಬೇಸಿಗೆಯಲ್ಲಿ ಕುರಿಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೊರಟಾಗ, ನಾಯಿ ಕರಗದೆ ಉಳಿದಿದ್ದ ಇನ್ನೊಂದು ಗಡ್ಡೆಯನ್ನು ಸುತ್ತುಹಾಕಿಕೊಂಡು ಬಂತು.