ಪೋಸ್ಟರಿನಲ್ಲಿದ್ದ ಕೈ

"ಇದು ನಮ್ಮವರ ಕೈ ಅಲ್ಲವೇ ಅಲ್ಲ!" ಅಜ್ಜ ಗಾಳದ ಕೋಲಿನ ತುದಿಯಿಂದ ಪೋಸ್ಟರನ್ನು ಟಪ್ ಟಪ್ ಎಂದು ಕುಟ್ಟಿದರು.

ಚುಕ್ಕಿ ತನ್ನ ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದಳು.

ಕೆರೆಯ ಗೇಟಿಗೆ ಯಾರೋ ಬೆಳಗ್ಗೆಯೇ ಪೋಸ್ಟರ್ ಅಂಟಿಸಿ ಹೋಗಿದ್ದರು. ಅದರಲ್ಲಿ ಒಂದು ಮೀನು ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು. ಒಂದು ಕೈ ಅದನ್ನು ಒತ್ತಿ ಹಿಡಿದಿತ್ತು. ಕೆಳಗೆ ಕೆಂಪು ಅಕ್ಷರಗಳಲ್ಲಿ "ಇದು ನಿಮಗೆ ಆಟವೇ?" ಎಂದು ಬರೆದಿತ್ತು.

ಪೋಸ್ಟರಿಗಾಗಿ ಹಿಗ್ಗಿಸಿದ್ದರಿಂದ ಆ ಕೈ ದೊಡ್ಡವರ ಕೈಯಂತೆ ಕಾಣುತ್ತಿತ್ತು. ಮಣಿಕಟ್ಟಿನ ಹತ್ತಿರ ಕಂದು ಬಣ್ಣದ ಗುರುತೊಂದಿತ್ತು. ನೋಡಿದವರು ಕೆಸರು ಎಂದುಕೊಳ್ಳುವಂತಿತ್ತು. ಅದು ಕೆಸರಲ್ಲ, ಹೋದ ವರ್ಷ ಇಸ್ತ್ರಿ ಪೆಟ್ಟಿಗೆ ತಾಗಿ ಆದ ಸುಟ್ಟ ಕಲೆ ಎಂಬುದು ಚುಕ್ಕಿಗೆ ಗೊತ್ತಿತ್ತು. ಆ ಕಲೆ ಈಗ ಅವಳ ಬೆನ್ನ ಹಿಂದೆ ಅಡಗಿತ್ತು.

"ಬೋರ್ಡಕ್ಕನ ಕೆಲಸವೇ ಇದು," ಎಂದರು ಕತ್ತರಿ ಮಾಮ. ಅವರಿಗೆ ಕ್ಷೌರದ ಅಂಗಡಿ ಇತ್ತು; ರಜೆಯ ದಿನ ಅಜ್ಜನ ಪಕ್ಕದಲ್ಲಿ ಗಾಳ ಹಾಕಿ ಕೂರುತ್ತಿದ್ದರು. "ಮೊನ್ನೆ ನಾನು ಗಾಳ ಹಾಕಿದ ಕಡೆಗೇ ಕಲ್ಲು ಎಸೆದರಲ್ಲ, ಅವರದ್ದೇ ಗುಂಪು. ಸಂಜೆವರೆಗೂ ಒಂದು ಕಪ್ಪೆಮರಿ ಕೂಡ ಹತ್ತಿರ ಬರಲಿಲ್ಲ. ಮೀನಿಗೆ ಕಿವಿ ಇದ್ದಿದ್ದರೆ ಇವರ ಕೂಗಾಟ ಕೇಳಿಯೇ ಪ್ರಾಣ ಬಿಡ್ತಿತ್ತು!"

ಬೋರ್ಡಕ್ಕ ಎಂದರೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕ. ಪ್ರತಿ ಭಾನುವಾರ ಬೋರ್ಡು ಹಿಡಿದು ಕೆರೆಯ ದಂಡೆಗೆ ಬಂದು ನಿಲ್ಲುತ್ತಿದ್ದುದರಿಂದ ಗಾಳದವರು ಅವಳಿಗೆ ಆ ಹೆಸರಿಟ್ಟಿದ್ದರು.

ಅಜ್ಜನಿಗೆ ನಗು ಬರಲಿಲ್ಲ. "ಫ್ಯಾಕ್ಟರಿಯವರು ಕೆರೆಗೆ ಬಣ್ಣದ ನೀರು ಬಿಟ್ಟಾಗ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದು ಯಾರು? ನಾವು. ಹೂಳಿಗಿಳಿದು ಪ್ಲಾಸ್ಟಿಕ್ ಎತ್ತಿದ್ದು ಯಾರು? ನಾವು. ಹಿಡಿದ ಒಂದೊಂದು ಮೀನನ್ನೂ ವಾಪಸ್ ನೀರಿಗೆ ಬಿಡ್ತೀವಿ. ಈಗ ನಾವೇ ಕಟುಕರು!" ಅವರು ಕೋಲನ್ನು ನೆಲಕ್ಕೆ ಕುಕ್ಕಿದರು. "ಶನಿವಾರ ಕಚೇರಿಲಿ ಕೆರೆ ಬಗ್ಗೆ ಮೀಟಿಂಗ್ ಇದೆಯಲ್ಲ, ಅಲ್ಲಿ ಎಲ್ಲರ ಎದುರಿಗೇ ಕೇಳ್ತೀನಿ. ಇವರೇ ಮೀನು ಹಿಡಿದು, ಇವರೇ ಫೋಟೋ ತೆಗೆದು, ನಮ್ಮ ತಲೆಗೆ ಕಟ್ಟಿದ್ದಾರೆ. ಸುಳ್ಳುಗಾರರು!"

ಚುಕ್ಕಿ ಪೋಸ್ಟರಿನ ಕಡೆ ನೋಡದೆ ಗೇಟಿನಿಂದ ಹಿಂದಕ್ಕೆ ಸರಿದಳು.

ಅದು ನಡೆದದ್ದು ಹೋದ ಭಾನುವಾರ. ಕತ್ತರಿ ಮಾಮನ ಗಾಳ ಬೇರಿಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಅಜ್ಜ ಆಚೆ ತಿರುವಿಗೆ ಹೋಗಿದ್ದರು. "ಕೋಲು ನೋಡ್ಕೋ, ಈಗ ಬಂದೆ" ಎಂದಿದ್ದರು. ಅವರು ಹೋದದ್ದೇ ತಡ, ಗಾಳದ ದಾರಕ್ಕೆ ಕಟ್ಟಿದ್ದ ಬೆಂಡು ಗುಳುಂ ಎಂದು ಮುಳುಗಿತು. ಅಷ್ಟು ದೊಡ್ಡ ಮೀನನ್ನು ಚುಕ್ಕಿ ಒಬ್ಬಳೇ ಎಳೆದದ್ದು ಅದೇ ಮೊದಲು.

ಅಜ್ಜ ಕಲಿಸಿದ್ದು ಎರಡೇ ಮಾತು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೋ, ಇಲ್ಲದಿದ್ದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಇನ್ನೊಂದು, ಮೀನು ನೀರಿನಿಂದ ಆಚೆ ಇರುವಷ್ಟು ಹೊತ್ತು ನೀನೂ ಉಸಿರು ಬಿಗಿ ಹಿಡಿದಿರು. ನಿನಗೆ ತಡೆಯಲಾರದಷ್ಟು ಕಷ್ಟ ಆಯಿತೋ, ಅದಕ್ಕೂ ಆಯಿತು ಎಂದು ಅರ್ಥ. ಆಗ ಬಿಟ್ಟುಬಿಡು.

ಚುಕ್ಕಿ ಆತುರದಲ್ಲಿ ಕೈ ಒದ್ದೆ ಮಾಡಿಕೊಳ್ಳಲಿಲ್ಲ. ಉಸಿರನ್ನೇನೋ ಬಿಗಿ ಹಿಡಿದಳು. ಆದರೆ ಅಜ್ಜ ಬರಲಿಲ್ಲ. ಅಜ್ಜ ನೋಡದೆ ಬಿಟ್ಟರೆ ಯಾರು ನಂಬುತ್ತಾರೆ? ಅವಳು ಉಸಿರು ಬಿಟ್ಟಳು. ಮತ್ತೆ ಎಳೆದುಕೊಂಡಳು. ಮೀನನ್ನು ಬಿಸಿ ಬಂಡೆಯ ಮೇಲೆ ಒತ್ತಿ ಹಿಡಿದು, ಇನ್ನೊಂದು ಸಲ ಎಳೆದುಕೊಂಡಳು. ಆಮೇಲೆ ಲೆಕ್ಕ ತಪ್ಪಿತು.

ಆಚೆ ದಡದಿಂದ "ಬಿಡು! ಅದನ್ನ ನೀರಿಗೆ ಬಿಡು!" ಎಂದು ಯಾರೋ ಕೂಗಿದರು. ಚುಕ್ಕಿ ಬೆಚ್ಚಿಬಿದ್ದು ಮೀನನ್ನು ನೀರಿಗೆ ತಳ್ಳಿದಳು. ಅದು ಈಜಲಿಲ್ಲ. ಹೊಟ್ಟೆ ಮೇಲಾಗಿ, ಬೆಳ್ಳಗೆ, ಜೊಂಡಿನ ಕಡೆಗೆ ತೇಲಿಹೋಯಿತು.

ಅಜ್ಜ ಬಂದು "ಗಾಳಕ್ಕೆ ಏನಾದ್ರೂ ಕಚ್ಚಿತೇನೇ?" ಎಂದು ಕೇಳಿದಾಗ, "ಏನೂ ಇಲ್ಲ ಅಜ್ಜ" ಎಂದಿದ್ದಳು.

ಪೋಸ್ಟರ್ ಬಂದ ಮೇಲೆ ಚುಕ್ಕಿ ತುಂಬುತೋಳಿನ ಸ್ವೆಟರ್ ಹಾಕಿಕೊಳ್ಳತೊಡಗಿದಳು. ಬೆವರು ಧಾರಾಕಾರವಾಗಿ ಸುರಿಯುತ್ತಿತ್ತು.

"ಜ್ವರ ಬಂತೇನೇ?" ಎಂದು ಅಮ್ಮ ಹಣೆ ಮುಟ್ಟಿ ನೋಡಿದರು.

"ಫ್ಯಾಷನ್ ಅಮ್ಮ. ಕ್ಲಾಸಲ್ಲಿ ಎಲ್ರೂ ಹಾಕ್ತಾರೆ."

"ನಿಮ್ಮ ಕ್ಲಾಸಿಗೆ ಬುದ್ಧಿ ಕೆಟ್ಟಿದೆ ಬಿಡು."

ಗುರುವಾರ ಅಜ್ಜನ ಮಂಡಿಗೆ ಹಚ್ಚುವ ಮುಲಾಮು ಮುಗಿಯಿತು. ಅಮ್ಮ ಚುಕ್ಕಿಯನ್ನೇ ಔಷಧಿ ಅಂಗಡಿಗೆ ಕಳಿಸಿದರು. ಹೊಟ್ಟೆನೋವು ಎಂದರೂ ಬಿಡಲಿಲ್ಲ. "ಹಾಗಾದ್ರೆ ಅದಕ್ಕೂ ಒಂದು ಮಾತ್ರೆ ಕೇಳ್ಕೊಂಡು ಬಾ" ಎಂದರು.

ಔಷಧಿ ಅಂಗಡಿಯ ಅಕ್ಕ ಮುಲಾಮಿನ ಟ್ಯೂಬನ್ನು ಕವರಿಗೆ ಹಾಕಿ ಮುಂದೆ ಹಿಡಿದಳು. ಚುಕ್ಕಿ ಎಡಗೈ ಚಾಚಿದಳು. ಅಕ್ಕ ಅವಳ ಮುಖ ನೋಡಿದಳು, ಆಮೇಲೆ ಸ್ವೆಟರಿನ ತೋಳು ನೋಡಿದಳು.

"ಇಷ್ಟು ಸೆಕೆಯಲ್ಲಿ ಸ್ವೆಟರಾ ಮರಿ?"

ಅದೇ ದನಿ! ಆಚೆ ದಡದಿಂದ ಕೂಗಿದ್ದ ದನಿ. ಚುಕ್ಕಿ ಕವರ್ ಕಿತ್ತುಕೊಂಡು ಓಡಿದಳು. ಇವಳಿಗೆ ಗೊತ್ತು. ಇವಳು ಎಲ್ಲವನ್ನೂ ನೋಡಿದ್ದಾಳೆ. ಶನಿವಾರ ಎಲ್ಲರ ಮುಂದೆ ಹೇಳಿಬಿಡುತ್ತಾಳೆ.

ಶನಿವಾರ ಬೆಳಗ್ಗೆ ಕಚೇರಿಯ ಹಾಲ್ ತುಂಬಿಹೋಗಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಕೆಲವರು ಕಿಟಕಿಯ ಮೇಲೆ ಕೂತಿದ್ದರು. ಒಂದು ಕಡೆ ಗಾಳದವರು, ಇನ್ನೊಂದು ಕಡೆ ಬೋರ್ಡಿನವರು. ನಡುವೆ ಮೇಜಿನ ಹಿಂದೆ ಅಧಿಕಾರಿ ಮೇಡಂ. ಕೆರೆಯಲ್ಲಿ ಗಾಳ ಹಾಕುವುದನ್ನು ನಿಲ್ಲಿಸಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸಬೇಕಿತ್ತು.

ಚುಕ್ಕಿ ಅಜ್ಜನ ಪಕ್ಕದಲ್ಲಿ ಕೂತಿದ್ದಳು.

"ಮೇಡಂ, ನಾವು ಮೀನು ಹಿಡಿದಾಗ ನಮ್ಮ ಉಸಿರನ್ನೂ ಬಿಗಿ ಹಿಡಿತೀವಿ," ಎಂದರು ಅಜ್ಜ ಎದ್ದು ನಿಂತು. "ನಲವತ್ತು ವರ್ಷದಿಂದ ನಾನು ಎಲ್ಲರಿಗೂ ಕಲಿಸಿದ್ದು ಅದನ್ನೇ. ಹೀಗೆ ಬಂಡೆ ಮೇಲೆ ಹಾಕಿ ಒತ್ತೋರು ನಮ್ಮಲ್ಲಿಲ್ಲ. ದೇವರ ಮುಂದೆ ನಿಂತು ಬೇಕಾದ್ರೂ ಹೇಳ್ತೀನಿ."

"ಉಸಿರು ಹಿಡಿದ್ರೆ ಗಾಳ ಚುಚ್ಚಿದ್ದು ನೋಯಲ್ವಾ ಸರ್?" ಎಂದಳು ಔಷಧಿ ಅಂಗಡಿಯ ಅಕ್ಕ. "ಬಾಯಿಗೆ ಚುಚ್ಚಿ ಎಳೆದು, ಆಮೇಲೆ ಬಿಟ್ಟರೆ ಅದು ದಯೆನಾ?"

"ಮೊದಲು ನಿನ್ನ ಫೋಟೋ ಪೂರ್ತಿ ತೋರಿಸಮ್ಮಾ! ಕೈ ಮಾತ್ರ ಯಾಕೆ? ಮುಖ ಎಲ್ಲಿ?" ಎಂದರು ಅಜ್ಜ.

"ತೋರಿಸು! ಮುಖ ತೋರಿಸು!" ಗಾಳದವರೆಲ್ಲ ಕೂಗಿದರು.

ಅಕ್ಕ ಬ್ಯಾಗಿನಿಂದ ಫೋನ್ ತೆಗೆದಳು. ಅವಳ ಬೆರಳು ಫೋನಿನ ಮೇಲೆ ಸರಿಯಿತು, ನಿಂತಿತು. ದೇವರೇ, ಅದರ ಚಾರ್ಜ್ ಮುಗಿದುಹೋಗಲಿ ಎಂದು ಚುಕ್ಕಿ ಬೇಡಿಕೊಂಡಳು. ಕರೆಂಟ್ ಹೋಗಲಿ. ಭೂಮಿ ಬಾಯ್ಬಿಡಲಿ.

ಅಕ್ಕ ತಲೆಯೆತ್ತಿ ನೇರವಾಗಿ ಚುಕ್ಕಿಯನ್ನು ನೋಡಿದಳು. ಆಮೇಲೆ ಫೋನನ್ನು ಬ್ಯಾಗಿನೊಳಗೆ ಹಾಕಿದಳು.

"ಪೂರ್ತಿ ಫೋಟೋ ಇಲ್ಲ," ಎಂದಳು.

ಹಾಲ್ ತುಂಬ ನಗು. "ಇದ್ರೆ ತಾನೇ!" ಎಂದು ಕತ್ತರಿ ಮಾಮ ತೊಡೆ ತಟ್ಟಿದರು. "ಸುಳ್ಳುಗಾರ್ತಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಕ್ಕನ ಜೊತೆಗೆ ಬಂದವರೇ ಅವಳನ್ನು ವಿಚಿತ್ರವಾಗಿ ನೋಡಿದರು. ಅವಳ ಕಿವಿಗಳು ಕೆಂಪಾದವು. ಆದರೂ ಅವಳು ಬ್ಯಾಗಿಗೆ ಕೈ ಹಾಕಲಿಲ್ಲ.

"ಹಾಗಾದ್ರೆ ಪೋಸ್ಟರ್ ಸುಳ್ಳು ಅಂತ ಬರೆದುಕೊಳ್ಳಲಾ?" ಅಧಿಕಾರಿ ಮೇಡಂ ಪೆನ್ನು ಎತ್ತಿಕೊಂಡರು.

ಚುಕ್ಕಿಗೆ ಇನ್ನು ಹೆದರಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಅಷ್ಟಾದರೂ ಹೆದರಿಕೆ ಹೋಗಲಿಲ್ಲ. ಆ ಹೆದರಿಕೆಯಲ್ಲೇ ಅವಳು ಎದ್ದು ನಿಂತಳು.

"ಮೇಡಂ, ಬರೀಬೇಡಿ."

"ಏಯ್, ಕೂತ್ಕೋ," ಎಂದರು ಅಜ್ಜ.

"ಅದು ನನ್ನ ಕೈ ಅಜ್ಜ."

ಅವಳು ಸ್ವೆಟರಿನ ತೋಳನ್ನು ಮೇಲಕ್ಕೆ ಎಳೆದಳು. "ಗಾಳಕ್ಕೆ ಮೀನು ಕಚ್ಚಿತ್ತು. ನೀನು ಬರ್ತೀಯ ಅಂತ ಹಿಡ್ಕೊಂಡೇ ಇದ್ದೆ. ನಾನು ಉಸಿರು ಎಳೆದುಕೊಂಡೆ... ತುಂಬಾ ಸಲ. ಅದು ಸತ್ತುಹೋಯ್ತು."

ಅಜ್ಜ ಆ ಕಲೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಒಮ್ಮೆಲೇ ಅವರಿಗೆ ತುಂಬ ವಯಸ್ಸಾದಂತೆ ಕಂಡಿತು. ಇನ್ನು ಅಜ್ಜ ನನ್ನನ್ನು ಎಂದೂ ಮಾತಾಡಿಸುವುದಿಲ್ಲ ಎಂದುಕೊಂಡಳು ಚುಕ್ಕಿ.

"ಬರೆದುಕೊಳ್ಳಿ ಮೇಡಂ," ಎಂದರು ಅಜ್ಜ ಕೊನೆಗೆ. "ಅದು ನಮ್ಮದೇ ಕೈ." ಆಮೇಲೆ ಔಷಧಿ ಅಂಗಡಿಯ ಅಕ್ಕನ ಕಡೆ ತಿರುಗಿ ಕೈ ಮುಗಿದರು. "ನಿನ್ನ ಕೆಲಸವನ್ನ ಸುಳ್ಳು ಅಂದೆ. ತಪ್ಪಾಯ್ತು ತಾಯಿ."

"ಪರವಾಗಿಲ್ಲ ಸರ್," ಎಂದಳು ಅಕ್ಕ. "ಆದ್ರೆ ಭಾನುವಾರ ನಾನು ಬೋರ್ಡ್ ತರ್ತೀನಿ."

"ತಾ. ಮೇಡಂ ನಿಲ್ಲಿಸಿ ಅನ್ನೋವರೆಗೆ ನಾನೂ ಗಾಳ ತರ್ತೀನಿ. ಕಲ್ಲು ಮಾತ್ರ ಎಸೀಬೇಡಿ."

"ಅದನ್ನ ಹೇಳ್ತೀನಿ ನಮ್ಮ ಹುಡುಗರಿಗೆ."

ತೀರ್ಮಾನ ಮುಂದಿನ ತಿಂಗಳು ಎಂದು ಹೇಳಿ ಅಧಿಕಾರಿ ಮೇಡಂ ಫೈಲ್ ಮುಚ್ಚಿದರು.

ಮನೆಯ ದಾರಿಯಲ್ಲಿ ಅಜ್ಜ ತಿರುಗಿ ನೋಡದೆ ನಡೆದರು. ಕತ್ತರಿ ಮಾಮ ತಮ್ಮ ಅಂಗಡಿಯ ಮುಂದೆ ನಿಂತುಬಿಟ್ಟರು. ಚುಕ್ಕಿ ಅಜ್ಜನಿಗಿಂತ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಬೈಯಲಿ, ಹೊಡೆಯಲಿ, ಏನಾದರೂ ಅನ್ನಲಿ ಎಂದು ಕಾಯುತ್ತಿದ್ದಳು.

ಮನೆಯ ತಿರುವಿನಲ್ಲಿ ಅಜ್ಜ ನಿಂತರು. ಚುಕ್ಕಿ ಜೊತೆಗೂಡುವವರೆಗೆ ಕಾದರು.

"ಹೇಗಿತ್ತೇ ಅದು?" ಎಂದು ಮೆಲ್ಲಗೆ ಕೇಳಿದರು. "ಬೆನ್ನು ಕಪ್ಪಗಿತ್ತಾ? ಕಣ್ಣ ಸುತ್ತ ಕೆಂಪು ಇತ್ತಾ? ಯಾವ ಜಾತಿ ಮೀನು?"

ಚುಕ್ಕಿ ಹೇಳಲು ಬಾಯಿ ತೆರೆದಳು. ಮೀನನ್ನು ನೆನಪಿಸಿಕೊಳ್ಳಲು ನೋಡಿದಳು. ನೆನಪಿಗೆ ಬಂದದ್ದು ಕೆರೆಯ ಏರಿ, ಅಜ್ಜ ಬರಬೇಕಾಗಿದ್ದ ಖಾಲಿ ದಾರಿ, ಆ ದಾರಿಯ ತಿರುವು. ಅಷ್ಟೇ.

"ಗೊತ್ತಿಲ್ಲ ಅಜ್ಜ," ಎಂದಳು. ಅಳು ಒತ್ತರಿಸಿ ಬಂತು. "ಅಷ್ಟು ಹೊತ್ತು ಅದು ನನ್ನ ಕೈಯಲ್ಲೇ ಇತ್ತು. ನಾನು ಅದನ್ನ ನೋಡಲೇ ಇಲ್ಲ."